ಟವೆಲ್ ಮೇಲಿನ ಛಾಯಾಚಿತ್ರ: ಹಕ್ಕು ಯಾರದು, ತೆರಿಗೆ ಎಷ್ಟು?

ಸಮುದ್ರಸ್ನಾನಕ್ಕೆ ಬಳಸುವ ದೊಡ್ಡ ಟವೆಲ್‌ಗಳ ಮೇಲೆ ಪುರಾತನ ಕಟ್ಟಡಗಳ, ಲೂಸರ್ನ್ ನಗರದಲ್ಲಿರುವಂಥ ಚಾವಣಿಯುಳ್ಳ ಮರದ ಸೇತುವೆಗಳ ಛಾಯಾಚಿತ್ರ ಮುದ್ರಿಸಿ ಮಾರುವುದು ವಿದೇಶಗಳಲ್ಲಿ ರೂಢಿಯಲ್ಲಿದೆ. ಡಿಜಿಟಲ್ ಮುದ್ರಣ ಬಂದ ಮೇಲೆ ಸಣ್ಣ ಪ್ರಮಾಣದ ಆರ್ಡರೂ ಸಾಧ್ಯವಾಗಿರುವುದರಿಂದ, ತಿಪಟೂರಿನ ಜವಳಿ ವರ್ತಕರೊಬ್ಬರು ಅರಳಗುಪ್ಪೆಯ ಹೊಯ್ಸಳ ಕಾಲದ ಚೆನ್ನಕೇಶವ ದೇವಾಲಯದ ಚಿತ್ರವುಳ್ಳ ಟವೆಲ್ ಮಾಡಿಸಿ ಗೋಕರ್ಣದ ಅಂಗಡಿಗಳಿಗೆ ಕಳುಹಿಸಲು ಇಚ್ಛಿಸಿದರೆಂದು ಭಾವಿಸೋಣ. ತೊಡಕು ಆರಂಭವಾಗುವುದು ಚಿತ್ರದ ಆಯ್ಕೆಯಿಂದ.

13ನೇ ಶತಮಾನದ ದೇವಾಲಯದ ಶಿಲ್ಪಕ್ಕೆ ಇಂದು ಕೃತಿಸ್ವಾಮ್ಯವಿಲ್ಲ. ಆದರೆ ಅದರ ಛಾಯಾಚಿತ್ರ ಪ್ರತ್ಯೇಕ ಕೃತಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಿತ್ರ ತೆಗೆದವರೇ ಅದರ ಕರ್ತೃ. 2012ರ ತಿದ್ದುಪಡಿಯ ನಂತರ ಈ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಉಳಿಯುತ್ತದೆ. ಅಂತರಜಾಲದಲ್ಲಿ ಸಿಕ್ಕಿತೆಂದು ಚಿತ್ರವನ್ನು ಇಳಿಸಿಕೊಂಡು ಮುದ್ರಕರಿಗೆ ಕೊಡುವುದು ಸುಲಭ. ಆದರೆ ಉದ್ದೇಶಪೂರ್ವಕ ಉಲ್ಲಂಘನೆಗೆ 63ನೇ ಕಲಮಿನಡಿ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ದಂಡವಿದೆ.

ಹಣ ಕೊಟ್ಟು ಛಾಯಾಗ್ರಾಹಕರಿಂದಲೇ ಚಿತ್ರ ತೆಗೆಸಿದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ತೆಗೆಸಿದವರೇ ಮೊದಲ ಹಕ್ಕುದಾರರು. ಈಗಾಗಲೇ ಇರುವ ಚಿತ್ರವಾದರೆ ಲಿಖಿತ ಅನುಮತಿ ಅಗತ್ಯ. ಪರಿಚಯದವರೆಂಬ ಸಲುಗೆಯಲ್ಲಿ ಬಾಯಿಮಾತಿಗೆ ನಿಲ್ಲುವುದು ನಮ್ಮ ಪೇಟೆಗಳ ಹಳೆಯ ಚಾಳಿ. ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷವೆಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತವೆಂದೂ ಕಾಯ್ದೆ ಭಾವಿಸುತ್ತದೆ. ರಫ್ತಿನ ಆಲೋಚನೆಯುಳ್ಳವರು ಇದನ್ನು ಮೊದಲೇ ಬರೆಸಿಕೊಳ್ಳತಕ್ಕದ್ದು.

ಇನ್ನು ವರ್ತಕರು ತಮ್ಮದೇ ಅಂಚು, ತೆಂಗಿನ ಗರಿಯ ಚಿತ್ತಾರ ಸೇರಿಸಿ ಟವೆಲ್‌ಗೆ ಹೊಸ ವಿನ್ಯಾಸ ರೂಪಿಸಿದಾಗ ಮತ್ತೊಂದು ನಿಯಮ ಅನ್ವಯಿಸುತ್ತದೆ. ನೋಂದಣಿಗೆ ಅರ್ಹವಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಕೈಗಾರಿಕಾ ವಿಧಾನದಿಂದ 50ಕ್ಕಿಂತ ಹೆಚ್ಚು ಬಾರಿ ಉತ್ಪಾದಿಸಿದೊಡನೆ, 15(2)ನೇ ಕಲಮಿನಂತೆ ಅದರ ಕೃತಿಸ್ವಾಮ್ಯ ಕೊನೆಗೊಳ್ಳುತ್ತದೆ. ಅಂದರೆ 51ನೇ ಟವೆಲ್ ಹೊರಬಿದ್ದ ಮೇಲೆ ಪಕ್ಕದ ಅಂಗಡಿಯವರು ಆ ವಿನ್ಯಾಸವನ್ನು ನಕಲು ಮಾಡಿದರೂ ಕೇಳುವ ಹಕ್ಕು ಉಳಿಯದು. 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆಯುಂಟು. ಮಾರಾಟಕ್ಕೆ ಇಟ್ಟ ಮೇಲೆ ವಿನ್ಯಾಸ ಹೊಸತೆನಿಸದ ಕಾರಣ ಅರ್ಜಿ ಮೊದಲೇ ಹೋಗಬೇಕು.

ತೆರಿಗೆಯ ವಿಷಯ ಸರಳ. 2025ರ ಸೆಪ್ಟೆಂಬರ್ 22ರಿಂದ ಒಂದಕ್ಕೆ 2,500 ರೂ. ಮೀರದ ಟವೆಲ್‌ಗೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18.

ಕೊಬ್ಬರಿ ಮಂಡಿಯವರು ಇಂಥ ಟವೆಲ್‌ಗಳನ್ನು ದೀಪಾವಳಿಗೆ ರೈತರಿಗೂ ಗಿರಾಕಿಗಳಿಗೂ ಉಡುಗೊರೆಯಾಗಿ ಹಂಚುವುದಾದರೆ, ಖರೀದಿಯಲ್ಲಿ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯುವಂತಿಲ್ಲ. 17(5)(ಎಚ್) ಕಲಮು ಅದನ್ನು ತಡೆಯುತ್ತದೆ. ಈಗಾಗಲೇ ಪಡೆದಿದ್ದಲ್ಲಿ ಜಿಎಸ್‌ಟಿಆರ್-3ಬಿ ನಮೂನೆಯಲ್ಲಿ ಹಿಂತಿರುಗಿಸಬೇಕಾಗುತ್ತದೆ; ತಡವಾದರೆ ಬಡ್ಡಿಯೂ ಸೇರಬಹುದು. ಚಿತ್ರದ ಅನುಮತಿಪತ್ರವನ್ನು ಖರೀದಿ ಬಿಲ್ಲಿನ ಜೊತೆಗೇ ಕಡತದಲ್ಲಿಡುವುದು ಲೇಸು.