ಕುಮಾರಸ್ವಾಮಿ ಲೇಔಟ್‌ಗೆ ನಮ್ಮದೇ ಸಂಗೀತ ರೇಡಿಯೊ ಆಗುತ್ತಾ? ನಿಯಮ ಏನಿದೆ, ಕಷ್ಟ ಎಲ್ಲಿದೆ

ಬೆಂಗಳೂರು: ಅಂಗಡಿ ಬಾಗಿಲು ತೆಗೆದು, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ, ಆಮೇಲೆ ರೇಡಿಯೊ ಹಾಕೋದು ಹಳೇ ಅಭ್ಯಾಸ. ಈಗ ಆ ಜಾಗಕ್ಕೆ ಮೊಬೈಲ್ ಬಂದಿದೆ. ಸಿನಿಮಾ ಹಾಡು ಕೇಳುವವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ಶಾಸ್ತ್ರೀಯ ಸಂಗೀತ ಕೇಳುವವರಿಗೆ ಮಾತ್ರ ಇದೆ.

ಈಗ ಎಲ್ಲಿ ಸಿಗುತ್ತೆ?

ದೇಶದ ಮೊದಲ ಖಾಸಗಿ ಎಫ್ಎಂ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, 2001ರಲ್ಲಿ. ಖಾಸಗಿ ವಾಹಿನಿಗಳು ಲೈಸೆನ್ಸ್ ಶುಲ್ಕ ಕಟ್ಟಬೇಕು, ಜಾಹೀರಾತಿನಿಂದ ಬದುಕಬೇಕು. ಹಾಗಾಗಿ ಅವು ಸಿನಿಮಾ ಹಾಡನ್ನೇ ನೆಚ್ಚಿಕೊಂಡವು. ಒಂದು ರಾಗವನ್ನು ಅರ್ಧ ಗಂಟೆ ಹಾಡಿದರೆ ಮಧ್ಯೆ ಜಾಹೀರಾತು ಹಾಕೋದೆಲ್ಲಿ? ಆ ಹೊಣೆ ಆಕಾಶವಾಣಿ ಮೇಲೇ ಬಿತ್ತು. 2004ರಲ್ಲಿ 100.1 ಎಫ್ಎಂನಲ್ಲಿ ‘ಅಮೃತವರ್ಷಿಣಿ’ ಬಂತು. 2016ರ ಜನವರಿ 26ರಂದು ‘ರಾಗಂ’ ಶುರುವಾಯ್ತು. ಕರ್ನಾಟಕ, ಹಿಂದೂಸ್ತಾನಿ ಎರಡನ್ನೂ ದಿನವಿಡೀ ಕೇಳಿಸುವ ವಾಹಿನಿ ಇದು, ಬೆಂಗಳೂರಿನಿಂದಲೇ ಹೊರಡುತ್ತೆ.

ಎಫ್ಎಂಗೂ ರಾಗಂಗೂ ಒಂದು ಮುಖ್ಯ ವ್ಯತ್ಯಾಸ ಇದೆ. ಎಫ್ಎಂಗೆ ಒಂದು ಸಣ್ಣ ಸೆಟ್ ಸಾಕು, ತಿಂಗಳ ಖರ್ಚಿಲ್ಲ. ರಾಗಂ ಕೇಳಬೇಕಾದರೆ ಡಿಶ್ ಬೇಕು, ಇಲ್ಲವೇ ಇಂಟರ್ನೆಟ್ ಇರುವ ಫೋನ್ ಮತ್ತು ಆ್ಯಪ್ ಬೇಕು. ಮನೆಯಲ್ಲಿ ಹುಡುಗರಿದ್ದರೆ ಹಾಕಿಕೊಡ್ತಾರೆ. ಒಂಟಿಯಾಗಿರುವ ಅಜ್ಜಿಗೆ ಹಾಕಿಕೊಡುವವರು ಯಾರು? ಇನ್ನು ವಾಹಿನಿ ಇರಬೇಕೋ ಬೇಡವೋ ಅನ್ನೋದನ್ನು ತೀರ್ಮಾನಿಸೋದು ದೆಹಲಿಯ ಪ್ರಸಾರ ಭಾರತಿ. ಬಡಾವಣೆಯವರ ಕೈಲಿರೋದು ಮನವಿ ಪತ್ರ ಅಷ್ಟೇ.

ನಮ್ಮ ಕೈಲಿರುವ ದಾರಿ

ಅದೇ ಸಮುದಾಯ ರೇಡಿಯೊ. ಆಕಾಶ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆಗಲೂ ಲೈಸೆನ್ಸ್ ಸಿಗದೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕೇಬಲ್ ಎಳೆದು ಮನೆಮನೆಗೆ ‘ನಮ್ಮ ಧ್ವನಿ’ ಕೇಳಿಸಿದರು. ಮೊದಲು ಶಿಕ್ಷಣ ಸಂಸ್ಥೆಗಳಿಗಷ್ಟೇ ಇದ್ದ ಅನುಮತಿ, 2006ರಲ್ಲಿ ಲಾಭಕ್ಕಾಗಿ ನಡೆಯದ ಸಂಘ ಸಂಸ್ಥೆಗಳಿಗೂ ಸಿಕ್ಕಿತು. ಮರುವರ್ಷವೇ ಬೆಂಗಳೂರಿನಲ್ಲಿ ಜೈನ್ ಸಂಸ್ಥೆಯ ‘ರೇಡಿಯೊ ಆ್ಯಕ್ಟಿವ್’ 90.4ರಲ್ಲಿ ಶುರುವಾಯ್ತು.

ಮುಖ್ಯ ನಿಯಮಗಳು ಇವು:

- ಒಬ್ಬ ವ್ಯಕ್ತಿಗೆ, ರಾಜಕೀಯ ಪಕ್ಷಕ್ಕೆ, ಲಾಭದ ಕಂಪನಿಗೆ ಅನುಮತಿ ಇಲ್ಲ.
- ಸಂಘ ನೋಂದಣಿಯಾಗಿ ಕನಿಷ್ಠ ಮೂರು ವರ್ಷ ಜನರ ನಡುವೆ ಕೆಲಸ ಮಾಡಿರಬೇಕು.
- ಪ್ರಸಾರದ ಶಕ್ತಿ ಸಾಮಾನ್ಯವಾಗಿ 100 ವಾಟ್ ಮೀರುವಂತಿಲ್ಲ. ಸುಮಾರು 10 ಕಿಲೋಮೀಟರ್ ಸುತ್ತಳತೆಗೆ ಕೇಳಿಸುತ್ತೆ. ಅಂದರೆ ಬನಶಂಕರಿ, ಜಯನಗರ, ಜೆ.ಪಿ. ನಗರ ಎಲ್ಲ ಒಳಗೇ ಬಂತು.
- ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಸ್ಥಳೀಯರೇ ಮಾಡಿದ್ದಿರಬೇಕು.
- ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು. ಮೊದಲು 7 ನಿಮಿಷ ಇತ್ತು, 2024ರಲ್ಲಿ ಹೆಚ್ಚಿಸಿದರು.

ಕೊನೆಯದು ಅಂಗಡಿಯವರು ಗಮನಿಸಬೇಕಾದ ಮಾತು. ಊರೆಲ್ಲ ಕೇಳುವ ಎಫ್ಎಂನಲ್ಲಿ ಜಾಹೀರಾತು ಕೊಡೋದು ದಿನಸಿ ಅಂಗಡಿಗೆ, ಟೈಲರಿಗೆ ಕೈಗೆಟುಕಲ್ಲ, ಯಲಹಂಕದವರು ಕೇಳಿದರೂ ಪ್ರಯೋಜನ ಇಲ್ಲ. ತಮ್ಮ ಗಿರಾಕಿಗಳು ಇರುವಷ್ಟೇ ದೂರಕ್ಕೆ ಕೇಳಿಸುವ ರೇಡಿಯೊ ಆದರೆ ಲೆಕ್ಕ ಬೇರೆ.

ಮೈಸೂರಿನಲ್ಲಿ ಆಗಿದ್ದು

ಇದೆಲ್ಲ ಆಗೋ ಮಾತಾ ಅಂತ ಕೇಳುವವರಿಗೆ ಮೈಸೂರೇ ಉತ್ತರ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಯಂತ್ರದ ಶಕ್ತಿ 30 ವಾಟ್, ಇಂದಿನ ಸಮುದಾಯ ರೇಡಿಯೊಗೆ ಇರುವ ಮಿತಿಯ ಮೂರನೇ ಒಂದು ಭಾಗಕ್ಕಿಂತಲೂ ಕಮ್ಮಿ. ಅವರು ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ರೇಡಿಯೊ ಹೆಸರಾಯ್ತು. ಸ್ವಂತ ಹಣ, ಊರವರ ನೆರವಿನಿಂದ ಕೆಲವು ವರ್ಷ ನಡೆಸಿದ ಮೇಲೆ ಸಂಸ್ಥಾನದ ಸರ್ಕಾರ ಅದನ್ನು ವಹಿಸಿಕೊಂಡಿತು.

ಕಷ್ಟ ಎಲ್ಲಿದೆ?

ಯಂತ್ರ ಒಂದು ಸಲ ತಂದರೆ ಮುಗೀತು. ಕಾರ್ಯಕ್ರಮ ದಿನಾ ಬೇಕು. ದಿನಕ್ಕೆ ಒಂದೇ ಗಂಟೆ ಸಂಗೀತ ಅಂದರೂ ವರ್ಷಕ್ಕೆ 365 ಗಂಟೆ. ಎರಡು ಗಂಟೆಯ ಕಚೇರಿ ಲೆಕ್ಕದಲ್ಲಿ 180ಕ್ಕೂ ಹೆಚ್ಚು ಕಚೇರಿ ಬೇಕು. ಮಾರುಕಟ್ಟೆಯ ಸಿ.ಡಿ. ತಂದು ಹಾಕೋಣ ಅಂದರೆ ಹಕ್ಕುದಾರರಿಗೆ ದುಡ್ಡು ಕಟ್ಟಬೇಕು.

ಆದರೆ ಈ ಭಾಗದಲ್ಲಿ ಸಂಗೀತಕ್ಕೆ ಬರ ಇಲ್ಲ. ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತಿದೆ. ಕೆ.ಆರ್. ರಸ್ತೆಯ ಗಾಯನ ಸಮಾಜಕ್ಕೆ ನೂರು ವರ್ಷ ದಾಟಿದೆ. ಗಣೇಶನ ಪೆಂಡಾಲು, ದೇವಸ್ಥಾನದ ಉತ್ಸವ, ಪಾಠಶಾಲೆಯ ವಾರ್ಷಿಕೋತ್ಸವ ಅಂತ ಬಡಾವಣೆಗಳಲ್ಲೂ ಹಾಡುವವರು ಹಾಡ್ತಾನೇ ಇದ್ದಾರೆ. ಕಚೇರಿ ಮುಗಿದು ಶಾಮಿಯಾನ ಬಿಚ್ಚಿದರೆ ಅದೂ ಮುಗೀತು, ಎಷ್ಟೋ ಕಡೆ ಯಾರೂ ಸರಿಯಾಗಿ ರೆಕಾರ್ಡ್ ಮಾಡಿಟ್ಟಿರಲ್ಲ.

ಆದ್ದರಿಂದ ಗೋಪುರ, ಲೈಸೆನ್ಸ್ ಆಮೇಲಿನ ಮಾತು. ಮೊದಲ ಕೆಲಸ ಮೂರು. ಸಂಘ ನೋಂದಾಯಿಸುವುದು, ಏಕೆಂದರೆ ಮೂರು ವರ್ಷದ ಲೆಕ್ಕ ಅಲ್ಲಿಂದಲೇ ಶುರು. ಕಲಾವಿದರಿಂದ ಬರಹದಲ್ಲಿ ಒಪ್ಪಿಗೆ ಪಡೆಯುವುದು. ಪ್ರತಿ ಕಚೇರಿಯನ್ನೂ ರೆಕಾರ್ಡ್ ಮಾಡಿ ದಿನಾಂಕ, ರಾಗ, ಹಾಡಿದವರು, ಪಕ್ಕವಾದ್ಯದವರ ಹೆಸರು ಬರೆದಿಡುವುದು. ಆಮೇಲೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅನುಮತಿ ಸಿಗೋದು ತಡವಾದರೂ ಆ ಮೂರು ವರ್ಷದ ಸಂಗೀತ ಬಡಾವಣೆಯವರ ಹತ್ತಿರ ಉಳಿದಿರುತ್ತೆ.