ಕಿಟೆಲ್ ಕಣ್ಮುಚ್ಚಿದ ಹೊಳೆದಂಡೆಯ ಊರು

ದೋಣಿಯ ಹಿಂಬದಿಯ ಹಲಗೆಯ ಮೇಲೆ ನಿಂತಿದ್ದ ಹುಡುಗ ಮೂರು ಆಳುದ್ದದ ಕೋಲನ್ನು ನೀರಿಗಿಳಿಸಿದ. ತಳಕ್ಕೆ ತಾಗಿದ್ದು ಗೊತ್ತಾಗುತ್ತಲೇ ಕೈಮೇಲೆ ಕೈಯಿಟ್ಟು ಒತ್ತಿ ತಳ್ಳಿದ. ದೋಣಿ ಸದ್ದಿಲ್ಲದೆ ಮುಂದಕ್ಕೆ ಜಾರಿತು. ಐದು ವರ್ಷದ ಮೊಮ್ಮಗಳಿಗೆ ಕುತೂಹಲ: "ಅಜ್ಜೀ, ಆ ಕೋಲಿಗೆ ಕನ್ನಡದಲ್ಲಿ ಏನಂತಾರೆ?" ತೀರ್ಥಹಳ್ಳಿ ಕಡೆಯವನಾದ ನಾನು "ಗಳ" ಎಂದೆ. ಗಂಗೊಳ್ಳಿಯಲ್ಲಿ ಹುಟ್ಟಿ, ದೋಣಿ ದಾಟಿ ಕುಂದಾಪುರದ ಶಾಲೆಗೆ ಹೋದ ನನ್ನ ಹೆಂಡತಿ ಬಿಡಬೇಕಲ್ಲ. "ಗಳ ಮನೆ ಕಟ್ಟುವುದಕ್ಕೆ. ದೋಣಿಗಾದರೆ ಜಲ್ಲೆ" ಎಂದಳು.

ನಾವಿದ್ದದ್ದು ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ, ನೆಕ್ಕರ್ ನದಿಯ ಮೇಲೆ. ಮಗಳು, ಅಳಿಯ ಇಲ್ಲಿಗೆ ಬಂದು ಮೂರು ವರ್ಷವಾಯಿತು. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಒಂದು ತಾಸಿನೊಳಗಿನ ದಾರಿ. ಊರಿನ ಜನಸಂಖ್ಯೆ ಸುಮಾರು 90 ಸಾವಿರ; ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ವಿದ್ಯಾರ್ಥಿಗಳು. ವಿಶ್ವವಿದ್ಯಾಲಯ ಆರಂಭವಾದದ್ದು 1477ರಲ್ಲಿ. ದೋಣಿ ನಡೆಸುತ್ತಿದ್ದವನೂ ಅಲ್ಲಿನ ವಿದ್ಯಾರ್ಥಿಯೇ.

ನದಿಯ ನಡುವೆ ಉದ್ದಕ್ಕೆ ಚಾಚಿದ ದ್ವೀಪವೊಂದಿದೆ. ಅದರ ಮೇಲೆ ಎರಡು ಸಾಲಾಗಿ ಪ್ಲೇನ್ ಮರಗಳು. ಇನ್ನೂರು ವರ್ಷದ ಹತ್ತಿರ ಬಂದ ಮರಗಳಂತೆ. ಸಾಲಿನ ಒಳಗೆ ಕಾಲಿಟ್ಟರೆ ಬಿಸಿಲು ಹಿಂದೆಯೇ ಉಳಿಯುತ್ತದೆ. ಎದುರು ದಡದಲ್ಲಿ ಹಳದಿ, ಗುಲಾಬಿ, ತಿಳಿನೀಲಿ ಬಣ್ಣದ ಮನೆಗಳು ಒಂದರ ಹೆಗಲಿಗೆ ಒಂದು ಆತು ನಿಂತಿವೆ. ಅವುಗಳ ನಡುವೆ ಶಂಕುವಿನಂಥ ಚಾವಣಿ ಹೊತ್ತ ಹಳದಿ ಗೋಪುರವೊಂದು ನೀರಿನ ಅಂಚಿಗೇ ಬಂದಿದೆ. ಕವಿ ಹೊಲ್ಡರ್ಲಿನ್ 1807ರಿಂದ 1843ರಲ್ಲಿ ಸಾಯುವವರೆಗೆ, 36 ವರ್ಷ ಇದ್ದದ್ದು ಅಲ್ಲಿ. ಮನಸ್ಸು ಕದಡಿದೆ, ಇನ್ನು ವಾಸಿಯಾಗುವುದಿಲ್ಲ ಎಂದು ವೈದ್ಯರು ಕೈಬಿಟ್ಟಾಗ ಮನೆಗೆ ಕರೆತಂದವನು ಅರ್ನ್‌ಸ್ಟ್ ಝಿಮ್ಮರ್ ಎಂಬ ಬಡಗಿ. ಕವಿಯ ಬರವಣಿಗೆಯನ್ನು ಓದಿ ಮೆಚ್ಚಿದ್ದ ಬಡಗಿ! ಅವನು ತೀರಿಕೊಂಡ ಮೇಲೆ ಮಗಳು ಲೊಟ್ಟೆ ಕವಿಯನ್ನು ಕೊನೆಯವರೆಗೆ ನೋಡಿಕೊಂಡಳು. ಗೋಪುರದ ದುಂಡನೆ ಕೋಣೆಯ ಕಿಟಕಿಯಲ್ಲಿ ನಿಂತು ನೀರು ನೋಡುತ್ತಿದ್ದಾಗ ನನ್ನ ಮನಸ್ಸಿನಲ್ಲಿದ್ದದ್ದು ಕವಿಗಿಂತ ಹೆಚ್ಚಾಗಿ ಆ ಅಪ್ಪ, ಮಗಳೇ.

ಆದರೆ ನಾನು ಈ ಊರಿಗೆ ಆಸೆಪಟ್ಟು ಬಂದದ್ದು ಇನ್ನೊಬ್ಬರಿಗಾಗಿ. ನಮ್ಮ ಕನ್ನಡದ ನಿಘಂಟು ಕಟ್ಟಿದ ಫರ್ಡಿನಾಂಡ್ ಕಿಟೆಲ್ 1903ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದು ಟ್ಯೂಬಿಂಗೆನ್‌ನಲ್ಲಿ. 21ನೇ ವಯಸ್ಸಿಗೆ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದವರು, ಬರುಬರುತ್ತ ಮಾತಿನ ಬೆನ್ನು ಹತ್ತಿದರು. ಕೇಶಿರಾಜನನ್ನು, ನಾಗವರ್ಮನನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಜರ್ಮನಿಗೆ ಮರಳಿದ್ದವರು ಐವತ್ತು ದಾಟಿದ ಮೇಲೆ ನಿಘಂಟಿನ ಕೆಲಸಕ್ಕೆಂದೇ ಮತ್ತೆ ಹಡಗು ಹತ್ತಿದರು. ಕಡೆಗೆ 1894ರಲ್ಲಿ ಮಂಗಳೂರಿನ ಮಿಷನ್ ಮುದ್ರಣಾಲಯದಿಂದ ಅದು ಹೊರಬಂತು: 1,752 ಪುಟ, ಸುಮಾರು 70 ಸಾವಿರ ಶಬ್ದ. ಒಂದೊಂದು ಶಬ್ದದ ಪಕ್ಕ ಅದು ಬಂದ ಕಾವ್ಯ, ಅದು ಬಳಕೆಯಾದ ಗಾದೆ. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ತೀರಿಹೋದ ವರ್ಷವೇ ಅವರ ಕನ್ನಡ ವ್ಯಾಕರಣವೂ ಪ್ರಕಟವಾಯಿತು.

ಅವರಿಗಿಂತ ಮೊದಲೇ ಇದೇ ಗೌರವ ಪಡೆದವರು ಹರ್ಮನ್ ಮೋಗ್ಲಿಂಗ್. ಇಲ್ಲೇ ದೇವತಾಶಾಸ್ತ್ರ ಓದಿ ಮಂಗಳೂರಿಗೆ ಬಂದು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದವರು. ಪತ್ರಿಕೆಯಿಂದಲೇ ಅನ್ನ ಉಂಡವನು ನಾನು. ಅವರು ನಡೆದಾಡಿದ ಕಲ್ಲುಹಾಸಿನ ಓಣಿಯಲ್ಲಿ ನಡೆಯುವಾಗ ಚಪ್ಪಲಿ ಬಿಡಬೇಕೆನಿಸಿತು. ಇದೇ ನೆಕ್ಕರ್ ಕೆಳಗೆ ಹರಿದು ಮುಟ್ಟುವ ಎಸ್ಲಿಂಗೆನ್ ಎಂಬ ಊರಲ್ಲಿ 1881ರಲ್ಲಿ ಅವರು ತೀರಿಕೊಂಡರು.

ಮಾರುಕಟ್ಟೆ ಚೌಕದಲ್ಲಿ ಚಿತ್ರ ಬರೆದ ಪುರಭವನವಿದೆ. ಅದರ ನೆತ್ತಿಯ ಮೇಲೆ 1511ರ ಖಗೋಳ ಗಡಿಯಾರ. ಅಲ್ಲಿಂದ ನಾಲ್ಕು ಹೆಜ್ಜೆಗೆ ಚರ್ಚು, ಅದರೆದುರು ಹರ್ಮನ್ ಹೆಸ್ಸೆ ಹದಿನೆಂಟರ ಹುಡುಗನಾಗಿ ಕೆಲಸಕ್ಕೆ ಸೇರಿದ ಪುಸ್ತಕದಂಗಡಿ. ಮುಂದೆ 'ಸಿದ್ಧಾರ್ಥ' ಬರೆದ ಈ ಹುಡುಗನ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ನಮ್ಮ ಕರಾವಳಿಯ ಗಾಳಿ ಈ ಊರಿನ ಎಷ್ಟು ಮನೆಗಳಲ್ಲಿ ಬೀಸಿದೆಯೋ!

ಮಧ್ಯಾಹ್ನ ಚೌಕದ ಕಟ್ಟೆಯ ಮೇಲೆ ಕೂತು ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ತಿಂದೆವು. ಮೊಮ್ಮಗಳಿಗೆ ಮಾತ್ರ ಉಪ್ಪಿನ ಹರಳು ಅಂಟಿದ ಬ್ರೆಟ್ಸೆಲ್ಲೇ ಬೇಕು. ಹರಳುಗಳನ್ನು ಒಂದೊಂದಾಗಿ ಕಿತ್ತು ಅಜ್ಜಿಯ ಅಂಗೈಯಲ್ಲಿ ಕೂಡಿಹಾಕಿದಳು.

ಏರು ಹತ್ತಿ ಕೋಟೆಗೆ ಹೋದೆವು. ಇದರ ಹಳೆಯ ಅಡುಗೆಮನೆಯೇ ಒಂದು ಕಾಲಕ್ಕೆ ಪ್ರಯೋಗಾಲಯ. ಗಾಯದ ಬಟ್ಟೆಗಂಟಿದ ಕೀವಿನಿಂದ ಫ್ರೀಡ್ರಿಶ್ ಮೀಶರ್ 1869ರಲ್ಲಿ ಬೇರ್ಪಡಿಸಿದ ವಸ್ತುವೇ ಇಂದು ನಾವೆಲ್ಲ ಡಿಎನ್ಎ ಎನ್ನುವುದು. ಜೀವವಿಜ್ಞಾನ ಓದಿದ ಮಗಳು ಇಲ್ಲಿ ಮಾತು ನಿಲ್ಲಿಸಲಿಲ್ಲ. ಅವಳು ಈ ಊರಿಗೆ ಬಂದದ್ದು ಇದಕ್ಕಾಗಿ ಎಂದು ನನಗೆ ಆಗ ಗೊತ್ತಾಯಿತು. ಫೋನಿನಲ್ಲಿ ಮೂರು ವರ್ಷ ಮಾತಾಡಿದರೂ ಗೊತ್ತಾಗಿರಲಿಲ್ಲ.

ಕೋಟೆಯ ಗೋಡೆಯಿಂದ ನೋಡಿದರೆ ಕೆಂಪು ಹೆಂಚಿನ ಮಾಡುಗಳು, ಆಚೆಗೆ ಹೊಳೆ. ಇವುಗಳಲ್ಲಿ ಕಿಟೆಲ್ ಕೊನೆಯ ದಿನಗಳನ್ನು ಕಳೆದ ಮಾಡು ಯಾವುದೋ ಎಂದೆ. "ನಾನು ಹುಡುಕಿಡ್ತೀನಿ ಅಪ್ಪಾ" ಎಂದಳು ಮಗಳು. "ಮುಂದಿನ ಸಲ ಬರುವಾಗ ನಿಮ್ಮ ನಿಘಂಟು ತಗೊಂಡು ಬನ್ನಿ. ಪುಟ್ಟಿ ಇಲ್ಲೇ ಕೂತು ಜಲ್ಲೆ ಹುಡುಕಲಿ."

ಮನೆಯಲ್ಲಿರುವುದು ನಾಲ್ಕು ಸಂಪುಟಗಳ ಮರುಮುದ್ರಣ. ಪೆಟ್ಟಿಗೆಗೆ ಅದನ್ನು ಹಾಕಿದರೆ ಹಪ್ಪಳ, ಉಪ್ಪಿನಕಾಯಿ, ಕೊಬ್ಬರಿಗೆ ಜಾಗವಿಲ್ಲ ಎಂದೆ.

"ಹಪ್ಪಳ ಇನ್ನೊಂದು ವರ್ಷಕ್ಕಾಯಿತು" ಎಂದಳು ಅವಳಮ್ಮ.