ನೀಲಿ ಮಾಯವಾದರೆ ಏನರ್ಥ?

ಅಕ್ಕಿ, ರಾಗಿ, ಆಲೂಗಡ್ಡೆಯಲ್ಲಿರುವ ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಈ ಸರವನ್ನು ಕತ್ತರಿಸುವ ಕಿಣ್ವವೇ ಅಮೈಲೇಸ್. ಅದು ನಮ್ಮ ಜೊಲ್ಲಿನಲ್ಲಿದೆ, ಮೊಳಕೆಯೊಡೆಯುವ ಬೀಜದಲ್ಲಿದೆ, ಹಲವು ಬ್ಯಾಕ್ಟೀರಿಯಾಗಳಲ್ಲೂ ಇದೆ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಇದನ್ನು ಮೊಳಕೆ ಬಾರ್ಲಿಯಿಂದ ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಕರೆದರು.

ಕಣ್ಣಿಗೆ ಕಾಣದ ಈ ಕತ್ತರಿ ಕೆಲಸ ಮಾಡ್ತಿದೆ ಅಂತ ತಿಳಿಯೋದು ಹೇಗೆ? ಅಯೋಡಿನ್‌ನಿಂದ. ಪಿಷ್ಟದ ಅಮೈಲೋಸ್ ಸರ ಸ್ಪ್ರಿಂಗ್‌ನಂತೆ ಸುರುಳಿ ಸುತ್ತಿರುತ್ತದೆ. ಅಯೋಡಿನ್ ಅದರೊಳಗೆ ಸಾಲಾಗಿ ಕೂತರೆ ಕಡುನೀಲಿ. ಸರ ತುಂಡಾಗುತ್ತಾ ಹೋದಂತೆ ಬಣ್ಣ ನೇರಳೆಗೆ, ಆಮೇಲೆ ಕೆಂಗಂದಿಗೆ ತಿರುಗಿ, ಕೊನೆಗೆ ಅಯೋಡಿನ್‌ನ ಹಳದಿ ಮಾತ್ರ ಉಳಿಯುತ್ತದೆ.

ಸೂಕ್ಷ್ಮಜೀವಿಗಳಿಗೆ ಪಿಷ್ಟ ಬೆರೆಸಿದ ಅಗರ್ ಪ್ಲೇಟ್ ಬೇಕು. ಬ್ಯಾಕ್ಟೀರಿಯಾವನ್ನು ಗೆರೆ ಎಳೆದು, 37 ಡಿಗ್ರಿಯಲ್ಲಿ ಒಂದೆರಡು ದಿನ ಬೆಳೆಸಿ, ಮೇಲೆ ಅಯೋಡಿನ್ ಸುರಿಯುತ್ತೇವೆ. ಬ್ಯಾಸಿಲಸ್ ಸಬ್ಟಿಲಿಸ್ ಸುತ್ತ ತಿಳಿಯಾದ ವಲಯ ಕಾಣುತ್ತದೆ, ಇ. ಕೋಲಿ ಸುತ್ತ ನೀಲಿ ಹಾಗೇ ಇರುತ್ತದೆ. ಬೀಜವಾದರೆ ಮೊಳಕೆ ಕಟ್ಟಿದ್ದನ್ನು ಅರ್ಧ ಸೀಳಿ, ಸೀಳಿದ ಮುಖ ಕೆಳಗೆ ಬರುವಂತೆ ಇದೇ ಪ್ಲೇಟಿನಲ್ಲಿಟ್ಟು, ಒಂದು ದಿನದ ನಂತರ ತೆಗೆದು ಅಯೋಡಿನ್ ಹಾಕಿದರಾಯಿತು.

ಆದರೆ ಇಲ್ಲೇ ಹುಷಾರಾಗಿರಬೇಕು. ಆ ವಲಯ ಬೀಜದ ಕಿಣ್ವದಿಂದಲೇ ಬಂತು ಅಂತ ಹೇಗೆ ಹೇಳ್ತೀರಿ? ಸಿಪ್ಪೆಯ ಮೇಲಿದ್ದ ಬ್ಯಾಕ್ಟೀರಿಯಾ ಮಾಡಿರಬಹುದು. ಅದಕ್ಕೇ ಬೀಜವನ್ನು ಮೊದಲೇ ತೆಳು ಬ್ಲೀಚ್‌ನಲ್ಲಿ ಅದ್ದಿ, ಚೆನ್ನಾಗಿ ತೊಳೆಯಬೇಕು. ಪಕ್ಕದಲ್ಲಿ ಕುದಿಸಿದ ಮೊಳಕೆಯನ್ನೂ ಇಡಬೇಕು: ಬಿಸಿಗೆ ಕಿಣ್ವ ಕೆಡುವುದರಿಂದ ಅಲ್ಲಿ ವಲಯ ಬರಬಾರದು. ಇನ್ನೊಂದು ಮಾತು. ನೀಲಿ ಹೋಯ್ತು ಅಂದ್ರೆ ಉದ್ದದ ಸರ ತುಂಡಾಯ್ತು ಅಂತಷ್ಟೇ. ಸಕ್ಕರೆ ಬಂದಿದೆಯಾ ಅನ್ನೋದನ್ನ ಬೆನೆಡಿಕ್ಟ್ ದ್ರಾವಣದಿಂದ ಬೇರೆಯಾಗಿಯೇ ನೋಡಬೇಕು.

ಇದು ಲ್ಯಾಬ್ ರೆಕಾರ್ಡ್ ತುಂಬಿಸೋ ವಿಷಯ ಮಾತ್ರ ಅಲ್ಲ. ಮಗುವಿಗೆ ಮಾಡುವ ರಾಗಿ ಸರಿಯನ್ನೇ ತಗೊಳ್ಳಿ. ಮಗುವಿನ ಹೊಟ್ಟೆ ಚಿಕ್ಕದು. ಸಾದಾ ಹಿಟ್ಟು ಜಾಸ್ತಿ ಹಾಕಿದರೆ ಸರಿ ಗಟ್ಟಿಯಾಗಿ ಮಗು ನುಂಗಲಾರದು, ನೀರು ಜಾಸ್ತಿ ಹಾಕಿದರೆ ಶಕ್ತಿ ಸಾಲದು. ಮೊಳಕೆ ರಾಗಿಯ ಹಿಟ್ಟು ಬಿಸಿಯೇರುವಾಗ ಅಮೈಲೇಸ್ ಪಿಷ್ಟದ ಸರಗಳನ್ನು ಕತ್ತರಿಸಿ ಸರಿಯನ್ನು ತೆಳುವಾಗಿಸುತ್ತದೆ. ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಆದರೆ ಒಣಗಿಸಿದ ಮೊಳಕೆಯನ್ನು ಜೋರಾಗಿ ಹುರಿದುಬಿಟ್ಟರೆ? ಕುದಿಸಿದ ಬೀಜದ ಕಥೆಯೇ! ಪರಿಮಳ ಬರುತ್ತದೆ, ಕಿಣ್ವ ಹೋಗಿರುತ್ತದೆ.

ಬಟ್ಟೆ ಗಿರಣಿಯಲ್ಲೂ ಇದೇ ಪರೀಕ್ಷೆ. ನೇಯುವ ಮುಂಚೆ ಹಾಸುನೂಲಿಗೆ ಹಚ್ಚಿದ ಪಿಷ್ಟದ ಗಂಜಿಯನ್ನು ಅಮೈಲೇಸ್‌ನಿಂದ ತೆಗೆಯುತ್ತಾರೆ. ಆಮೇಲೆ ಬಟ್ಟೆಯ ಮೇಲೆ ಅಯೋಡಿನ್ ಹನಿ. ನೀಲಿ ಕಂಡರೆ ಗಂಜಿ ಉಳಿದಿದೆ, ಬಣ್ಣ ಒಂದೇ ಸಮ ಹಿಡಿಯೋದಿಲ್ಲ.

ಮಿನಿ ಪ್ರಾಜೆಕ್ಟ್ ಹುಡುಕ್ತಿದ್ದೀರಾ? ಹುರಿದ ಮತ್ತು ಹುರಿಯದ ಮೊಳಕೆ ರಾಗಿ ಹಿಟ್ಟನ್ನು ಅಕ್ಕಪಕ್ಕ ಪರೀಕ್ಷಿಸಿ ನೋಡಿ. ಎಷ್ಟು ಬಿಸಿಗೆ, ಎಷ್ಟು ಹೊತ್ತಿಗೆ ವಲಯ ಮಾಯವಾಗುತ್ತದೆ ಅನ್ನೋ ಗ್ರಾಫ್ ನಿಮ್ಮ ಅಮ್ಮನಿಗೂ ಬೇಕಾದೀತು.